ಗೆರೆಯಕ್ಕನ ಅರ್ಧ ಇಂಚು

ನರ್ಸಮ್ಮ ಹೊಸ ಬಿಳಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು ಎರಡೂ ಕೈ ಇಳಿಬಿಟ್ಟಳು. ತೋಳಿನ ಅಂಚು ಮಣಿಕಟ್ಟು ದಾಟಿ ಹೆಬ್ಬೆರಳಿನ ಬುಡಕ್ಕೆ ಬಂದು ಕೂತಿತ್ತು.

"ತೋಳು ಒಂಚೂರು ಉದ್ದ ಆಯ್ತೇನೋ ಅಲ್ವಾ ಅಕ್ಕ?" ಎಂದಳು, ತಪ್ಪು ತನ್ನದೇ ಎಂಬ ಹಾಗೆ. "ನನ್ನ ಕೈಯೇ ಗಿಡ್ಡ ಇರ್ಬೇಕು ಬಿಡಿ."

ಗೆರೆಯಕ್ಕನ ತುಟಿಯ ನಡುವೆ ಇದ್ದ ಗುಂಡುಸೂಜಿ ಟಣ್ಣೆಂದು ನೆಲಕ್ಕೆ ಬಿತ್ತು.

ಮೂವತ್ತೆಂಟು ವರ್ಷದಿಂದ ಆ ಅಂಗಡಿಯ ಬಾಗಿಲು ದಾಟಿ ಹೋದ ಯಾವ ತೋಳೂ ಮರಳಿ ಬಂದದ್ದಿಲ್ಲ. ಹೊಟ್ಟೆ ಬೆಳೆದು ಬಂದ ಪ್ಯಾಂಟುಗಳುಂಟು, ಕಾಯಿಲೆ ಬಿದ್ದು ಮೈ ಇಳಿದು ಬಂದ ಕೋಟುಗಳುಂಟು. ಅದು ಗಿರಾಕಿಯ ಮೈಯ ಲೆಕ್ಕ, ಕತ್ತರಿಯದಲ್ಲ. ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಅವಳು ಎಳೆದ ಗೆರೆಯನ್ನು ಅಳತೆಪಟ್ಟಿ ಇಟ್ಟು ನೋಡಿದವರೂ ಒಂದು ನೂಲಿನಷ್ಟು ಸೊಟ್ಟ ಕಂಡಿರಲಿಲ್ಲ. ಅದಕ್ಕೇ ಬೀದಿಯವರು ಅವಳನ್ನು ಗೆರೆಯಕ್ಕ ಎಂದದ್ದು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತಂತಾಗಿತ್ತು.

ಅವಳು ಎರಡೂ ತೋಳು ಹಿಡಿದು ನೋಡಿದಳು. ಎಡಗಡೆ ಅರ್ಧ ಇಂಚು ಉದ್ದ. ಬಲಗಡೆ ಅರ್ಧ ಇಂಚು ಉದ್ದ. ಕೈ ತಪ್ಪಿದ್ದರೆ ಒಂದು ತೋಳು ತಪ್ಪಬೇಕಿತ್ತು. ಎರಡೂ ಒಂದೇ ಸಮ ತಪ್ಪಿದೆಯೆಂದರೆ ತಪ್ಪಿದ್ದು ಕೈಯಲ್ಲ, ಅಳತೆ.

"ನಾಳೆ ಬಾರಮ್ಮ, ಸರಿ ಮಾಡಿಡ್ತೀನಿ" ಎಂದು ನರ್ಸಮ್ಮನನ್ನು ಕಳಿಸಿದವಳಿಗೆ ನೆನಪಾಯಿತು. ಹಿಂದಿನ ವಾರ ಈ ಕೋಟಿಗೆ ಅಳತೆ ತೆಗೆದುಕೊಳ್ಳುವಾಗ ಕೊರಳಲ್ಲಿ ಟೇಪು ಇರಲಿಲ್ಲ. ಎಲ್ಲಿಟ್ಟೆನೋ ಎಂದು ಹುಡುಕಿ ಸಿಗದೆ, ಕಪಾಟಿನ ಮೇಲಿದ್ದ ಆಟದ ಪೆಟ್ಟಿಗೆಯಿಂದ ಹಳೆಯ ಹಳದಿ ಟೇಪು ತೆಗೆದು ಅಳೆದಿದ್ದಳು. ಬಟ್ಟೆ ಕತ್ತರಿಸುವಷ್ಟರಲ್ಲಿ ಹೊಸ ಟೇಪು ಕೊಂಡಿದ್ದಳು.

ಪೆಟ್ಟಿಗೆ ಇಳಿಸಿದಳು. ಹಳದಿ ಟೇಪನ್ನು ಕತ್ತರಿಸುವ ಮೇಜಿನ ಮೇಲೆ ಚಾಚಿ, ಪಕ್ಕದಲ್ಲಿ ಹೊಸ ಟೇಪು ಚಾಚಿ, ಎರಡರ ತುದಿಯನ್ನೂ ಮೇಜಿನ ಅಂಚಿಗೆ ಸೇರಿಸಿದಳು. ಹೊಸದರಲ್ಲಿ ಆರು ಎಂದು ಬರೆದಿದ್ದ ಜಾಗದಲ್ಲಿ ಹಳೆಯದು ಆರೂವರೆ ಎನ್ನುತ್ತಿತ್ತು.

ಹಳದಿ ಟೇಪಿನ ತುದಿಗೆ ಇರಬೇಕಾದ ಹಿತ್ತಾಳೆ ಪಟ್ಟಿ ಇರಲಿಲ್ಲ. ಅಲ್ಲಿ ಮೊದಲ ಅರ್ಧ ಇಂಚು ಮಡಚಿ ಕೆಂಪು ದಾರದಲ್ಲಿ ನೀಟಾಗಿ ಹೊಲಿದಿತ್ತು. ಆ ಹೊಲಿಗೆ ಯಾರದೆಂದು ಕೇಳಬೇಕಾದ್ದೇ ಇರಲಿಲ್ಲ. ಅಷ್ಟು ಸಣ್ಣ ಹೊಲಿಗೆ ಆ ಊರಲ್ಲಿ ಇನ್ನೊಬ್ಬರ ಕೈಗೆ ಬರುತ್ತಿರಲಿಲ್ಲ.

ಗೆರೆಯಕ್ಕ ಟೇಪು ಕೈಬಿಟ್ಟಳು. ಸ್ಟೂಲಿಗಾಗಿ ಹಿಂದೆ ತಡಕಾಡಿದಳು, ಸಿಗಲಿಲ್ಲ. ನೆಲದ ಮೇಲೇ, ಬಟ್ಟೆ ಚೂರುಗಳ ನಡುವೆ ಕೂತುಬಿಟ್ಟಳು. ಅವಳ ಕಣ್ಣ ಮುಂದೆ ನರ್ಸಮ್ಮನ ತೋಳಿರಲಿಲ್ಲ. ತನ್ನ ತಮ್ಮ ಇದ್ದ. "ಅಕ್ಕ, ಇನ್ನೊಂದ್ಸಲ ಅಳಿ" ಎನ್ನುತ್ತಿದ್ದ.

ಈ ಪೆಟ್ಟಿಗೆಯ ಕಥೆ ಹೇಳದಿದ್ದರೆ ಅವಳು ಯಾಕೆ ನೆಲಕ್ಕೆ ಕೂತಳೆಂದು ತಿಳಿಯುವುದಿಲ್ಲ. ಹನ್ನೆರಡು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಕೋಟು ಹೊಲಿಸಲು ಬಂದವನು ಒಂದು ಚೀಲ ಮರೆತುಹೋದ. ಕೋಟು ಒಯ್ಯಲು ಅವನ ಅಣ್ಣ ಬಂದ, ಚೀಲ ಬೇಡವೆಂದ. ಅದರಲ್ಲಿ ಒಂದು ತೆಳು ಪುಸ್ತಕವಿತ್ತು, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ಬಣ್ಣಬಣ್ಣದ ದಾಳಗಳಿದ್ದವು. ಅದೊಂದು ಆಟ: ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ನಡೆಯಬೇಕು. ಕಾಡಿನಲ್ಲಿ ಮೃಗ ಎದುರಾದರೆ ಹೊಡೆದಾಡಬೇಕು. ಏಟು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಗೆರೆಯಕ್ಕ ಅದನ್ನು ಮೂರು ಸಲ ಓದಿದಳು. ಹದಿನಾಲ್ಕನೇ ವಯಸ್ಸಿನಲ್ಲಿ ಹಳೇ ಕೋಟುಗಳ ಹೊಲಿಗೆ ಬಿಚ್ಚಿ ಬಿಚ್ಚಿ ನೋಡಿಯೇ ದರ್ಜಿ ಕೆಲಸ ಕಲಿತವಳು ಅವಳು. ಯಾರ ಹತ್ತಿರವೂ ಕೈ ಹಿಡಿಸಿಕೊಂಡವಳಲ್ಲ. ಆಟವನ್ನೂ ಹಾಗೆಯೇ ಬಿಚ್ಚಿ ನೋಡಿದಳು.

ಭಾನುವಾರ ಮಧ್ಯಾಹ್ನ ಅಂಗಡಿಗೆ ರಜೆ. ಎಂಟಡಿ ಉದ್ದದ ಕತ್ತರಿಸುವ ಮೇಜು ಸುಮ್ಮನೆ ಬಿದ್ದಿರುತ್ತಿತ್ತು. ಅದರ ಸುತ್ತ ಮೂವರು ಬಂದು ಕೂತರು. ನಿವೃತ್ತ ಡ್ರಿಲ್ ಮೇಷ್ಟ್ರು, ಎದುರು ಸಾಲಿನ ಔಷಧಿ ಅಂಗಡಿಯಾಕೆ, ಮತ್ತು ಗೆರೆಯಕ್ಕನ ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಆರು, ಅವಳಿಗೆ ಹದಿನಾರು. ಅವನ ಚಡ್ಡಿಯಿಂದ ಹಿಡಿದು ಮದುವೆಯ ಕೋಟಿನವರೆಗೆ ಎಲ್ಲವೂ ಅವಳದೇ ಹೊಲಿಗೆ. ಅವನು ಗಾಜು ಕತ್ತರಿಸುವ ಕೆಲಸ ಹಿಡಿದಿದ್ದ. "ನಿನ್ನ ಕೆಲಸ ಏನಕ್ಕ, ತಪ್ಪಾದ್ರೆ ಬಿಚ್ಚಿ ಹೊಲೀಬೋದು. ನಂದು ತಪ್ಪಾದ್ರೆ ಕಸದ ಬುಟ್ಟಿ" ಎಂದು ಅಣಕಿಸುತ್ತಿದ್ದ.

ಪುಸ್ತಕದಲ್ಲಿ ಹೊಡೆದಾಟದ ನಿಯಮಗಳು ಹನ್ನೊಂದು ಪುಟ ಇದ್ದವು. ಯಾರು ಮೊದಲು, ಯಾರು ಎಷ್ಟು ದೂರ, ಯಾವಾಗ ನಿಲ್ಲಬಹುದು. ಮೇಷ್ಟ್ರು ಓದಿ, "ಇದು ಆಟ ಅಲ್ಲ, ಕೋರ್ಟು" ಎಂದರು. ಗೆರೆಯಕ್ಕ ಪುಸ್ತಕ ಮುಚ್ಚಿ ಆ ಮೇಜಿಗೆ ಅದರದೇ ಕಾನೂನು ಹೊಲಿದಳು. ಖಾಲಿ ದಾರದ ಉರುಳೆಗಳು ಪಾತ್ರಗಳಾದವು. ಬಟ್ಟೆ ಹಾರದಂತೆ ಇಡುವ ಕಬ್ಬಿಣದ ತುಂಡು ಮೃಗವಾಯಿತು; ಕಥೆ ಹೇಳುವವಳೂ ಮೃಗ ನಡೆಸುವವಳೂ ಗೆರೆಯಕ್ಕನೇ. ಹೊಡೆದಾಟ ಶುರುವಾದರೆ ಎಲ್ಲರೂ ಇಪ್ಪತ್ತು ಮುಖದ ದಾಳ ಹಾಕಬೇಕು; ಹೆಚ್ಚು ಬಿದ್ದವರಿಂದ ಕಡಿಮೆ ಬಿದ್ದವರವರೆಗೆ ಅವರವರ ಗುಂಡಿಯನ್ನು ಒಂದು ದಾರಕ್ಕೆ ಪೋಣಿಸಿ ಮೇಜಿನ ಮೇಲೆ ಕಟ್ಟಬೇಕು. ಅದೇ ಸರದಿ. ಬೇಕಾದವರು ತಮ್ಮ ಗುಂಡಿಯನ್ನು ಹಿಂದಕ್ಕೆ ಜಾರಿಸಿಕೊಂಡು ಇನ್ನೊಬ್ಬರಿಗೆ ಜಾಗ ಬಿಡಬಹುದು. ಮುಂದಕ್ಕೆ ಮಾತ್ರ ತರುವಂತಿಲ್ಲ. ಸರದಿ ಬಂದಾಗ ಮನುಷ್ಯ ಆರು ಇಂಚು ನಡೆಯಬಹುದು, ಮೃಗ ಎಂಟು ಇಂಚು. ಅಳೆಯಲು ಒಂದು ಟೇಪು ಬೇಕಲ್ಲ? ಕೆಲಸದ ಟೇಪು ಆಟಕ್ಕೆ ಯಾಕೆ ಎಂದು, ಹಳೇ ಗುಂಡಿ, ಮುರಿದ ಕೊಕ್ಕೆ ಹಾಕಿಡುವ ಡಬ್ಬಿಯಿಂದ ಹಳದಿ ಟೇಪು ಎತ್ತಿಕೊಂಡಳು. ಅದನ್ನು ಆ ಡಬ್ಬಿಗೆ ಯಾಕೆ ಹಾಕಿದ್ದೆ ಎಂದು ಆ ಹೊತ್ತಿನಲ್ಲಿ ಯೋಚಿಸಲಿಲ್ಲ.

ಎರಡನೇ ವರ್ಷ ಮೇಷ್ಟ್ರಿಗೂ ಔಷಧಿಯಮ್ಮನಿಗೂ ಕಾಲು ಇಂಚಿನ ಮೇಲೆ ಒಂದು ಗಂಟೆ ಜಗಳವಾಯಿತು. ಆಗ ಗೆರೆಯಕ್ಕ ಸೇರಿಸಿದ ಕೊನೆಯ ಕಾನೂನು: ಅಳೆದದ್ದು ಅಳೆದದ್ದೇ, ಎರಡನೇ ಸಲ ಟೇಪು ಮುಟ್ಟುವಂತಿಲ್ಲ.

ನಾಲ್ಕು ವರ್ಷದ ಹಿಂದಿನ ಆ ಭಾನುವಾರ ಕಲ್ಲುಗೂಳಿ ಕಾಯುತ್ತಿದ್ದ ಸೇತುವೆಯ ಮೇಲೆ ಹೊಡೆದಾಟ. ತಮ್ಮನ ಪಾತ್ರ ಅಂಬಿಗ. ಎಂಟು ವರ್ಷ ಅದೇ ಅಂಬಿಗನನ್ನು ಅವನು ಆಡಿಸಿಕೊಂಡು ಬಂದಿದ್ದ. ಅಂಬಿಗನ ಹೆಂಡತಿ, ಅಂಬಿಗನ ಸಾಲದ ದೋಣಿ, ಅಂಬಿಗನ ಸೊಂಟನೋವು ಎಲ್ಲವೂ ಎಲ್ಲರಿಗೂ ಬಾಯಿಪಾಠ. ಆ ದಿನ ಸರದಿಯ ದಾಳ ಅವನಿಗೆ ಹತ್ತೊಂಬತ್ತು ಬಿದ್ದಿತ್ತು. ಆದರೂ ಏಟು ತಿಂದಿದ್ದ ಔಷಧಿಯಮ್ಮನ ಪಾತ್ರ ಮೊದಲು ದಾಟಲಿ ಎಂದು ತನ್ನ ಗುಂಡಿಯನ್ನು ಗೂಳಿಯ ಸರದಿಗೆ ಸ್ವಲ್ಪ ಮುಂಚಿನ ಜಾಗದವರೆಗೆ ಹಿಂದಕ್ಕೆ ಜಾರಿಸಿದ. ಕೊನೆಗೆ ಗೂಳಿ ಬೆನ್ನಟ್ಟದಂತೆ ಸೇತುವೆಯ ಹಗ್ಗ ಕಡಿಯಲು ಅಂಬಿಗ ಓಡಿದ. ಗೆರೆಯಕ್ಕ ಟೇಪು ಹಿಡಿದಳು. "ಆರೂವರೆ. ಅರ್ಧ ಇಂಚು ಸಾಲಲ್ಲ" ಎಂದಳು.

ತಮ್ಮ ಮೇಜಿನ ಮೇಲೆ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ. "ಅಕ್ಕ, ಅದು ಆರೇ ಇರೋದು. ಇನ್ನೊಂದ್ಸಲ ಅಳಿ."

"ಅಳೆದದ್ದು ಅಳೆದದ್ದೇ. ನಿನಗೊಂದು ಕಾನೂನು, ಮೇಷ್ಟ್ರಿಗೊಂದು ಕಾನೂನಾ?"

"ಒಂದೇ ಸಲ ಅಕ್ಕ."

"ಮೂವತ್ತು ವರ್ಷದಿಂದ ಟೇಪು ಹಿಡಿದಿದ್ದೀನಿ ಕಣೋ. ನನಗೆ ಅಳೆಯೋದು ಹೇಳ್ಕೊಡ್ತೀಯಾ?"

ಗೂಳಿಯ ಸರದಿ ಬಂತು. ಅಂಬಿಗ ಸತ್ತ. ತಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದವನು ಆ ಮೇಜಿಗೆ ಮತ್ತೆ ಬರಲಿಲ್ಲ. ಬರಬರುತ್ತಾ ಮನೆಗೆ ಬರುವುದೂ ನಿಂತಿತು. ಹಬ್ಬ, ಜ್ವರ, ಮಗಳ ಪರೀಕ್ಷೆ, ಎಲ್ಲ ಸುದ್ದಿಯೂ ಅವನ ಹೆಂಡತಿಯ ಫೋನಿನಲ್ಲಿ. ಒಂದು ಆಟಕ್ಕೆ ಇಷ್ಟು ಮುನಿಸೇ, ಎಂಥ ಹುಡುಗುತನ ಎಂದು ಗೆರೆಯಕ್ಕ ನಾಲ್ಕು ವರ್ಷ ಹೇಳಿಕೊಂಡೇ ಬಂದಿದ್ದಳು.

ಈಗ ನೆಲದ ಮೇಲೆ ಕೂತು ನೆನೆಸಿಕೊಂಡಳು: ಈ ಟೇಪಿನಲ್ಲೇ ತಮ್ಮನ ಮದುವೆಯ ಕೋಟಿಗೆ ಅಳತೆ ತೆಗೆದದ್ದು. ಅದೇ ವಾರ ಹಿತ್ತಾಳೆ ಕಿತ್ತುಬಂತು. ಎಳೆ ಬಿಚ್ಚದಿರಲೆಂದು ತಾನೇ ಮಡಚಿ ಹೊಲಿದಳು, ಇನ್ನು ಇದು ಅಳತೆಗಲ್ಲ, ಗಂಟು ಕಟ್ಟಲಿಕ್ಕೆ ಎಂದು ತಾನೇ ಡಬ್ಬಿಗೆ ಹಾಕಿದಳು. ತಾನೇ ಮರೆತಳು. ಲೋಕದಲ್ಲಿ ಬೇರೆ ಯಾರೂ ಮಾಡಲಾಗದ ತಪ್ಪು ಅದು. ಟೇಪನ್ನು ಅಷ್ಟು ಚೆನ್ನಾಗಿ ಹೊಲಿಯದಿದ್ದರೆ ಎಂದೋ ಕಣ್ಣಿಗೆ ಬೀಳುತ್ತಿತ್ತು.

ಸುಮ್ಮನಿದ್ದುಬಿಟ್ಟರೆ? ತೋಳು ಅರ್ಧ ಇಂಚು ಮಡಚಿ, ಟೇಪನ್ನು ಒಲೆಗೆ ಹಾಕಿ, ಬಾಯಿ ಮುಚ್ಚಿಕೊಂಡರೆ ಗೆರೆಯಕ್ಕ ಗೆರೆಯಕ್ಕನಾಗಿಯೇ ಇರುತ್ತಿದ್ದಳು. ತಮ್ಮ ಮಾತ್ರ ಇರುತ್ತಿರಲಿಲ್ಲ.

ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ನಡು ವಾರದಲ್ಲಿ, ಅಂಗಡಿಯ ಬಾಗಿಲು ಎಳೆದದ್ದು ನೋಡಿ ಔಷಧಿಯಮ್ಮ ಕೌಂಟರಿನಿಂದಲೇ "ಏನಾಯ್ತ್ರೀ ಅಕ್ಕಾವ್ರೇ?" ಎಂದು ಕೂಗಿದಳು. ಗೆರೆಯಕ್ಕ ತಿರುಗಿ ನೋಡಲಿಲ್ಲ. ಚೀಲದಲ್ಲಿ ಎರಡು ಟೇಪು ಹಾಕಿಕೊಂಡು ಎರಡು ಬೀದಿ ದಾಟಿ ಗಾಜಿನ ಅಂಗಡಿಗೆ ನಡೆದಳು.

ತಮ್ಮ ದೊಡ್ಡ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟು ಕಟರು ಎಳೆಯುತ್ತಿದ್ದ. ಗಾಜಿಗೆ ಗೆರೆ ಎಳೆಯುವವನನ್ನು ಮಾತಾಡಿಸಬಾರದೆಂದು ಅವಳಿಗೆ ಗೊತ್ತು. ಬಾಗಿಲಲ್ಲೇ ನಿಂತಳು. ಚಿರ್ರೆಂದು ಕಟರು ಅಂಚಿನವರೆಗೆ ಓಡಿತು. ಅವನು ಎರಡೂ ಹೆಬ್ಬೆರಳು ಒತ್ತಿದ. ಹಾಳೆ ಟಪ್ಪೆಂದು ಎರಡಾಯಿತು. ಆಮೇಲೆ ತಲೆ ಎತ್ತಿದ. ಮುಖದ ಬಣ್ಣವೇ ಇಳಿದುಹೋಯಿತು.

"ಅಂಗಡಿ ಮುಚ್ಚಿ ಬಂದ್ಯಾ? ಯಾರಿಗೇನಾಯ್ತು?"

"ಯಾರಿಗೂ ಏನಾಗಿಲ್ಲ ಕಣೋ. ಆಗಿರೋದು ನನಗೆ."

ಗಾಜು ಇಡುವ ಹಸಿರು ಕಂಬಳಿಯ ಮೇಲೆ ಎರಡು ಟೇಪನ್ನೂ ಪಕ್ಕಪಕ್ಕ ಚಾಚಿದಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ಅವನು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಅರ್ಧ" ಎಂದ.

"ಅರ್ಧ."

"ಆವತ್ತಿಂದೇ ಟೇಪಾ?"

"ಹನ್ನೆರಡು ವರ್ಷದಿಂದ ಇದೇ."

ನಗುತ್ತಾನೆ, ಇಲ್ಲವೇ ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಎರಡೂ ಮಾಡಲಿಲ್ಲ. ಮೇಜಿನ ಕೆಳಗಿನ ಖಾನೆ ಎಳೆದು, ತಳದಿಂದ ಹಳೇ ಪೇಪರಿನ ಒಂದು ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಎರಡು ಬೆರಳಗಲದ ಗಾಜಿನ ಪಟ್ಟಿ. ನಾಲ್ಕೂ ಅಂಚು ಉಜ್ಜಿ ನಯ ಮಾಡಿತ್ತು. ಹೊಸ ಟೇಪಿನ ಪಕ್ಕ ಇಟ್ಟ. ಆರು ಇಂಚು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಆವತ್ತು ನಿನ್ನ ಅಂಗಡಿಯಿಂದ ಸೀದಾ ಇಲ್ಲಿಗೇ ಬಂದೆ. ಕಣ್ಣಲ್ಲಿದ್ದ ದೂರ ಆರಿಹೋಗೋಕೆ ಮುಂಚೆ ಕತ್ತರಿಸಿದೆ. ಆಮೇಲೆ ಪಟ್ಟಿ ಇಟ್ಟು ನೋಡ್ದೆ. ಆರೇ."

ಗೆರೆಯಕ್ಕ ಆ ಗಾಜನ್ನು ಎತ್ತಿ ಅಂಚಿನ ಮೇಲೆ ಬೆರಳಾಡಿಸಿದಳು. ನಾಲ್ಕು ವರ್ಷ ಇದು ಈ ಖಾನೆಯಲ್ಲಿತ್ತು. "ಅಷ್ಟು ಗಟ್ಟಿಯಾಗಿ ಗೊತ್ತಿದ್ರೆ ತಂದು ನನ್ನ ಮುಖಕ್ಕೆ ಹಿಡೀಬಾರ್ದಿತ್ತೇನೋ?"

"ಯಾರ ಎದುರಿಗೆ? ಮೇಷ್ಟ್ರೂ ಔಷಧಿಯಮ್ಮನೂ ನಿನ್ನ ಹತ್ರ ಬಟ್ಟೆ ಹೊಲಿಸೋರು. ಅವರ ಮುಂದೆ ನಿನ್ನ ಅಳತೆ ಸುಳ್ಳು ಅಂತ ನಾನು ಹೇಳ್ಬೇಕಿತ್ತಾ? ನಿನ್ನ ತಮ್ಮ?" ಕಟರನ್ನು ಎಣ್ಣೆಯ ಡಬ್ಬಿಗೆ ಅದ್ದಿ ಇಟ್ಟ. "ಹೇಳದೆ ಅಲ್ಲಿ ಕೂತು ನಗೋದಕ್ಕೂ ಆಗ್ಲಿಲ್ಲ. ಅದಕ್ಕೇ ಬರ್ಲಿಲ್ಲ."

"ಸಿಟ್ಟು ಅಂದ್ಕೊಂಡಿದ್ದೆ."

"ಸಿಟ್ಟೂ ಇತ್ತು. ಅಂಬಿಗ ಸತ್ತದ್ದಕ್ಕಲ್ಲ. ದಾರೀಲಿ ಹೋಗೋ ಗಿರಾಕಿ 'ಇನ್ನೊಂದ್ಸಲ ನೋಡಿ' ಅಂದ್ರೆ ಮೂರು ಸಲ ಅಳೀತೀಯ. ನಾನು ಎರಡು ಸಲ ಕೇಳ್ದೆ ಅಕ್ಕ. ನೀನು ಒಂದ್ಸಲಾನೂ ಅಳೀಲಿಲ್ಲ."

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬಾರಿಸಿದ್ದರೇ ವಾಸಿ ಇತ್ತು, ತಿರುಗಿ ಬಯ್ಯಬಹುದಿತ್ತು. ಟೇಪುಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ಭಾನುವಾರ ಆ ಹೊಡೆದಾಟ ಮತ್ತೆ ಹಾಕ್ತೀನಿ. ಅವರಿಬ್ಬರಿಗೂ ನಾನೇ ಹೇಳ್ತೀನಿ. ನೀನು ಗಾಜು ತಗೊಂಡು ಬಾ."

"ನೋಡೋಣ" ಎಂದ. ಬರುತ್ತೇನೆ ಎನ್ನಲಿಲ್ಲ.

ಭಾನುವಾರ ಮಧ್ಯಾಹ್ನ ಮೇಷ್ಟ್ರೂ ಔಷಧಿಯಮ್ಮನೂ ಬಂದು ಕೂತಾಗ ಗೆರೆಯಕ್ಕ ನಿಂತೇ ಇದ್ದಳು. ಹಳದಿ ಟೇಪನ್ನು ಮೇಜಿನ ನಡುವೆ ಇಟ್ಟು, "ಇದು ಅರ್ಧ ಇಂಚು ಸುಳ್ಳು. ಮಡಚಿ ಹೊಲಿದೋಳು ನಾನು. ಹನ್ನೆರಡು ವರ್ಷ ನಿಮ್ಮನ್ನೆಲ್ಲ ಇದರಲ್ಲೇ ಅಳೆದಿದ್ದೀನಿ" ಎಂದಳು. ಒಂದೇ ಉಸಿರಿಗೆ ಹೇಳಿದಳು, ಮಧ್ಯೆ ನಿಲ್ಲಿಸಿದರೆ ಮುಂದೆ ಹೇಳಲಾರೆನೆಂದು.

ಔಷಧಿಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಮೇಷ್ಟ್ರ ಪ್ಯಾಂಟಿನ ಕಡೆ ಹೋಯಿತು.

"ಬಟ್ಟೆಗಲ್ಲ ಮಾರಾಯ್ರೇ! ಬಟ್ಟೆಗೆ ಬೇರೆ ಟೇಪು!" ಎಂದು ಗೆರೆಯಕ್ಕ ಹೇಳುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ತಮ್ಮ ಪೇಪರಿನ ಪೊಟ್ಟಣ ಹಿಡಿದು ನಿಂತಿದ್ದ. ಅವನು ತನ್ನ ಹಳೇ ಜಾಗದಲ್ಲಿ, ಕಿಟಕಿಗೆ ಬೆನ್ನು ಹಾಕಿ, ಕೂತ.

ಗೆರೆಯಕ್ಕ ಹೊಡೆದಾಟಗಳನ್ನೆಲ್ಲ ಒಂದು ಅಳತೆ ಪುಸ್ತಕದಲ್ಲಿ ಬರೆದಿಡುವವಳು: ಯಾವ ಉರುಳೆ ಎಲ್ಲಿ, ಯಾರಿಗೆ ಯಾವ ದಾಳ, ಗಿರಾಕಿಯ ಎದೆ ಸೊಂಟ ಬರೆಯುವಷ್ಟೇ ಕರಾರುವಾಕ್ಕಾಗಿ. ಆ ದಿನದ ಪುಟ ತೆರೆದಳು. ಗುಂಡಿಗಳನ್ನು ಅದೇ ಸರದಿಯಲ್ಲಿ ಪೋಣಿಸಿ ಕಟ್ಟಿದಳು. ಅಂಬಿಗನ ಗುಂಡಿ, ನೀಲಿ, ನಾಲ್ಕು ತೂತಿನದು, ಅದನ್ನು ಯಾವ ಬಟ್ಟೆಗೂ ಹೊಲಿಯದೆ ಎತ್ತಿಟ್ಟಿದ್ದಳು. ಉರುಳೆಗಳನ್ನು ಅಂಬಿಗ ಹಗ್ಗಕ್ಕೆ ಓಡಿದ ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ನಿಲ್ಲಿಸಿದಳು. ತಮ್ಮ ಗಾಜಿನ ಪಟ್ಟಿ ಇಟ್ಟ. ಒಂದು ತುದಿ ಅಂಬಿಗನಿಗೆ, ಇನ್ನೊಂದು ತುದಿ ಹಗ್ಗದ ಗೆರೆಗೆ ಸರಿಯಾಗಿ ಮುಟ್ಟಿತು.

"ಅಯ್ಯೋ, ಮುಟ್ಟಿದ್ನಲ್ರೀ ಪಾಪ!" ಎಂದಳು ಔಷಧಿಯಮ್ಮ, ನಿಜವಾಗಿ ಯಾರೋ ಸತ್ತಿದ್ದರೆ ಹೇಗೋ ಹಾಗೆ.

"ಒಂದ್ನಿಮಿಷ" ಎಂದರು ಮೇಷ್ಟ್ರು. ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದುತ್ತಿದ್ದರು. "ಟೇಪು ಸುಳ್ಳಾದ್ರೆ ಅಂಬಿಗನಿಗೊಬ್ಬನಿಗೇ ಸುಳ್ಳಾ? ಗೂಳಿಗೂ ಸುಳ್ಳೇ ಅಲ್ವಾ? ಹಿಂದಿನ ಸುತ್ತು ನೋಡಿ. ನೀವೇ ಬರೆದಿದ್ದೀರಿ ಅಕ್ಕಾವ್ರೇ: ಗೂಳಿ ನುಗ್ಗಿತು, ಎಂಟು ಇಂಚಿಗೆ ನಿಂತಿತು, ಅಂಬಿಗನಿಂದ ಅರ್ಧ ಇಂಚು ಈಚೆ. ಅಂಬಿಗ ಬಚಾವ್."

ಗೆರೆಯಕ್ಕ ಬಗ್ಗಿ ಆ ಸಾಲನ್ನು ತಾನೂ ಓದಿದಳು. ಅಂಬಿಗನನ್ನು ಕೊಂದ ಅರ್ಧ ಇಂಚೇ ಒಂದು ಸುತ್ತು ಮುಂಚೆ ಅವನನ್ನು ಉಳಿಸಿತ್ತು. ಆ ದಿನ ಗೂಳಿ ಮೂಗಿನ ತುದಿಯಲ್ಲಿ ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕಿದ್ದರು. ಯಾರೂ ಇನ್ನೊಂದ್ಸಲ ಅಳಿ ಎಂದಿರಲಿಲ್ಲ. ತಮ್ಮನೂ.

"ಬಿಡಿ ಮೇಷ್ಟ್ರೇ, ಅದನ್ನೆಲ್ಲ ಈಗ ಯಾರು" ಎಂದು ಅವಳು ಪುಸ್ತಕ ಮುಚ್ಚಲು ಹೋದಳು. ಅವಳಿಗೆ ಬೇಕಿದ್ದದ್ದು ಒಂದೇ, ಅಂಬಿಗ ಬದುಕಬೇಕು, ತಮ್ಮ ಬರಬೇಕು.

"ಬಿಡೋದಲ್ಲ ಅಕ್ಕ. ಅಳಿ" ಎಂದ ತಮ್ಮ. ಗಾಜಿನ ಪಟ್ಟಿಯನ್ನು ಅವಳ ಕೈಗೆ ಕೊಟ್ಟ.

ಉರುಳೆಗಳನ್ನು ಒಂದು ಸುತ್ತು ಹಿಂದಕ್ಕೆ ಇಟ್ಟಳು. ಗೂಳಿಯಿಂದ ಒಂದು ಗಾಜಿನ ಪಟ್ಟಿ, ಅದರ ಮುಂದೆ ಹೊಸ ಟೇಪಿನ ಎರಡು ಇಂಚು. ಕಬ್ಬಿಣದ ತುಂಡನ್ನು ನೂಕುತ್ತಾ ಹೋದಳು. ಅದು ಅಂಬಿಗನ ಉರುಳೆಗೆ ಠಕ್ಕೆಂದು ತಗುಲಿ ನಿಂತಿತು. ಇನ್ನೊಂದು ಸಲ ಅಳೆದಳು. ಮೂರನೇ ಸಲ ಅಳೆದಳು. ಮೂರು ಸಲವೂ ಠಕ್.

"ಹಾಕು ದಾಳ" ಎಂದ ತಮ್ಮ.

"ನಾನು ಹಾಕಲ್ಲ."

"ಗೂಳಿ ನಿಂದು. ನೀನೇ ಹಾಕ್ಬೇಕು. ಕಾನೂನು ನಿಂದೇ ತಾನೆ?"

ಹನ್ನೆರಡರ ಮೇಲೆ ಬಿದ್ದರೆ ಅಂಬಿಗ ಹೋದ. ಗೆರೆಯಕ್ಕ ಕಣ್ಣು ಮುಚ್ಚಿ ದಾಳ ಬಿಟ್ಟಳು. ಅದು ಮೇಜಿನುದ್ದಕ್ಕೂ ಉರುಳಿ ಇಸ್ತ್ರಿಪೆಟ್ಟಿಗೆಗೆ ಬಡಿದು ನಿಂತಿತು. ಔಷಧಿಯಮ್ಮ ಬಗ್ಗಿ ನೋಡಿ ಸರಿದು ಕೂತಳು. ಹದಿನೇಳು.

ಗೆರೆಯಕ್ಕ ತಮ್ಮನ ಮುಖ ನೋಡಲಾರದೆ ಮೇಜು ನೋಡಿದಳು. ನಾಲ್ಕು ವರ್ಷ ಕಾದು, ಸತ್ಯ ಹೇಳಿ, ಅಂಬಿಗನನ್ನು ಎರಡನೇ ಸಲ ಕೊಂದಿದ್ದಳು, ಅದೂ ಒಂದು ಸುತ್ತು ಮುಂಚೆ. ಇನ್ನು ಚಪ್ಪಲಿಯ ಸದ್ದು ಕೇಳುತ್ತದೆ ಎಂದು ಕಾದಳು.

ಕೇಳಿದ್ದು ನಗು. ಮೊದಲು ಮೂಗಿನಲ್ಲಿ ಬಂದದ್ದು ಆಮೇಲೆ ಹೊಟ್ಟೆಯಿಂದ ಬಂತು. "ನಾಲ್ಕು ವರ್ಷ ಖಾನೆಯಲ್ಲಿ ಗಾಜು ಕಾಪಾಡಿದೆನಲ್ಲೋ ದೇವರೇ!" ಎಂದು ತಮ್ಮ ಕಣ್ಣು ಒರೆಸಿಕೊಂಡ. "ಹೋಗ್ಲಿ ಬಿಡಕ್ಕ. ಆವತ್ತು ಸುಮ್ನೆ ಸತ್ತಿದ್ದೆ. ಇವತ್ತು ಅಳತೆಗೆ ಸರಿಯಾಗಿ ಸತ್ತೆ."

"ಸಿಟ್ಟಿಲ್ವಾ?"

"ಮೂರು ಸಲ ಅಳೆದ್ಯಲ್ಲ."

ಅಷ್ಟು ಹೇಳಿ ಅವನು ದಾರದಿಂದ ನೀಲಿ ಗುಂಡಿ ಬಿಚ್ಚಿ ಮೇಜಿನ ಮೇಲಿಟ್ಟ. "ಇದು ಸತ್ತವನದು. ನನಗೆ ಬೇರೆ ಕೊಡು. ದೊಡ್ಡದು ಕೊಡು, ಓವರ್‌ಕೋಟಿಂದು."

ಗೆರೆಯಕ್ಕ ಗುಂಡಿ ಡಬ್ಬಿಯನ್ನು ಅವನ ಮುಂದೆ ಸುರಿದಳು. ಅವನು ಆರಿಸುತ್ತಿರುವಾಗ ಅವಳು ಅಳತೆ ಪುಸ್ತಕದ ಮೊದಲ ಪುಟ ತಿರುವಿ, 'ಅಳೆದದ್ದು ಅಳೆದದ್ದೇ' ಎಂಬ ಸಾಲಿನ ಮೇಲೆ ಸೀಮೆಸುಣ್ಣದಲ್ಲಲ್ಲ, ಪೆನ್ನಿನಲ್ಲೇ ಗೆರೆ ಎಳೆದಳು. ಕೆಳಗೆ ಬರೆದಳು: ಯಾರು ಕೇಳಿದರೂ ಇನ್ನೊಂದು ಸಲ ಅಳೆಯಬೇಕು.

ಮೇಷ್ಟ್ರು ತಲೆಕೆಳಗಾಗಿಯೇ ಅದನ್ನು ಓದಿಬಿಟ್ಟರು. "ಹಾಗಾದ್ರೆ ಎರಡನೇ ವರ್ಷದ ನನ್ನ ಕಾಲು ಇಂಚು..." ಎಂದು ಬಾಯಿ ತೆಗೆದರು.

"ಮೇಷ್ಟ್ರೇ!" ಎಂದರು ಮೂವರೂ ಒಟ್ಟಿಗೆ.

ಗೆರೆಯಕ್ಕ ಮಾತ್ರ ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು, ಪುಟಗಳನ್ನು ಹಿಂದಕ್ಕೆ ತಿರುವುತ್ತಾ, ಗಾಜಿನ ಪಟ್ಟಿಗೆ ಕೈ ಚಾಚಿದಳು.